ಕೈಯನ್ನು ದೂರುವ ಮೊದಲು

ಹೊರನಾಡಿನ ಕನ್ನಡ ಕೂಟಗಳಲ್ಲಿ ಒಂದು ತೀರ್ಪು ಬಹಳ ಅಗ್ಗಕ್ಕೆ ದೊರೆಯುತ್ತದೆ: 'ಈಗಿನ ಮಕ್ಕಳಿಗೆ ಲಯಜ್ಞಾನವಿಲ್ಲ.' ಮನೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಗಿಟಾರ್ ಧ್ವನಿಮುದ್ರಿಸುವ ಹುಡುಗ ಹುಡುಗಿಯರ ಮೇಲೆ ಈ ಮಾತು ಬಿದ್ದಾಗ ಅದು ಎಷ್ಟೋ ಸಲ ಅನ್ಯಾಯದ ಮಾತಾಗಿರುತ್ತದೆ ಎಂಬುದೇ ನಮ್ಮ ವಾದ. ಇದು ಪರರ ಮೇಲಿನ ಆರೋಪವಲ್ಲ. ಆ ತೀರ್ಪನ್ನು ಕೊಟ್ಟವರಲ್ಲಿ ನಾವೂ ಇದ್ದೇವೆ.

ರಾಜ್ಯೋತ್ಸವಕ್ಕೆಂದು ಉಪ್ಪಲ್‌ನ ಸದಸ್ಯರೊಬ್ಬರ ಮನೆಯಲ್ಲಿ ಭಾವಗೀತೆಯೊಂದನ್ನು ಮುದ್ರಿಸಲು ಕುಳಿತಿದ್ದೆವು. ಗಿಟಾರ್ ಹಿಡಿದವಳು ಆ ಮನೆಯ ಮಗಳು, ಇಂಟರ್ ಎರಡನೆಯ ವರ್ಷದವಳು. ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದಿದ ಆಕೆಗೆ ಕನ್ನಡದ ಅಕ್ಷರ ಇನ್ನೂ ತಡವರಿಸುತ್ತದೆ. ಕನ್ನಡ ಅವಳೊಳಗೆ ಇಳಿದದ್ದು ಹಾಡಿನ ದಾರಿಯಿಂದ. ಹೆಡ್‌ಫೋನ್ ಇಲ್ಲದೆ ನುಡಿಸಿದಾಗ ಹಾಡು ತಾಳಕ್ಕೆ ಸರಿಯಾಗಿ ಕೂತಿತ್ತು. ಮುದ್ರಣ ಆರಂಭವಾದೊಡನೆ ಪಲ್ಲವಿಯಲ್ಲೇ ಎಳೆಯತೊಡಗಿತು. ಆರು ಸಲ ನುಡಿಸಿದಳು, ಆರು ಸಲವೂ ಹಾಗೆಯೇ. 'ಲಯ ನಿಲ್ಲುತ್ತಿಲ್ಲಮ್ಮಾ' ಎಂದೆವು. 'ಅಂಕಲ್, ನಾನು ನುಡಿಸಿದ್ದೇ ನನಗೆ ತಡವಾಗಿ ಕೇಳಿಸ್ತಿದೆ' ಎಂದಳು. 'ಯಂತ್ರದ ಮೇಲೆ ಹಾಕಬೇಡ' ಎಂದೆವು. ಅವಳು ಗಿಟಾರನ್ನು ಚೀಲಕ್ಕೆ ಹಾಕಿದಳು. ನವೆಂಬರ್ ಒಂದರಂದು ನಾವು ಸಿದ್ಧ ಟ್ರ್ಯಾಕಿಗೆ ಹಾಡಿದೆವು, ಅವಳು ಬರಲಿಲ್ಲ.

ಅವಳು ಹೇಳಿದ್ದು ನೆಪವಾಗಿರಲಿಲ್ಲ, ಅಚ್ಚುಕಟ್ಟಾದ ರೋಗನಿರ್ಣಯವಾಗಿತ್ತು. ಮೈಕಿನಿಂದ ಬಂದ ನಾದವನ್ನು ಕಂಪ್ಯೂಟರ್ ಹನಿಹನಿಯಾಗಿ ಸ್ವೀಕರಿಸುವುದಿಲ್ಲ. ಕೊಡ ತುಂಬಿದ ಮೇಲೆ ಒಮ್ಮೆಗೇ ಹೊರುತ್ತದೆ. ಆ ಕೊಡಕ್ಕೆ ಬಫರ್ ಎಂದು ಹೆಸರು. ಅಂದು ಅದರ ಅಳತೆ 1024 ಸ್ಯಾಂಪಲ್ ಇತ್ತೆಂಬುದನ್ನು ನಾವು ನೋಡಿದ್ದು ಹಬ್ಬ ಮುಗಿದ ಮೇಲೆ. ಸೆಕೆಂಡಿಗೆ 44,100 ಸ್ಯಾಂಪಲ್ಲುಗಳ ಲೆಕ್ಕದಲ್ಲಿ ಒಂದು ಕೊಡ ತುಂಬಲು ಸುಮಾರು 23 ಮಿಲಿಸೆಕೆಂಡು ಬೇಕು. ಒಳಗೆ ಬರುವಾಗ ಒಂದು ಕೊಡ, ಹೊರಗೆ ಹೋಗುವಾಗ ಇನ್ನೊಂದು. ಒಟ್ಟು ಸುಮಾರು 46 ಮಿಲಿಸೆಕೆಂಡು. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿಗೆ ಸುಮಾರು 16 ಮೀಟರ್ ಸಾಗುತ್ತದೆ. ಎಂದರೆ, ತೊಡೆಯ ಮೇಲಿನ ಗಿಟಾರನ್ನು ಆ ಹುಡುಗಿ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತವಳಂತೆ ಕೇಳುತ್ತಿದ್ದಳು. ವಾದ್ಯದ ಕಂಪನ ಎದೆಗೆ ಮೊದಲು, ಕಿವಿಗೆ ಆಮೇಲೆ. ಕಿವಿಯನ್ನು ಕಾಯುತ್ತ ಕೈ ನಿಧಾನವಾಯಿತು. ತಮ್ಮದೇ ಮಾತನ್ನು ಸುಮಾರು 200 ಮಿಲಿಸೆಕೆಂಡು ತಡವಾಗಿ ಕೇಳಿಸಿದರೆ ನಿರರ್ಗಳವಾಗಿ ಮಾತನಾಡುವವರೂ ತೊದಲುತ್ತಾರೆಂದು ಬರ್ನಾರ್ಡ್ ಲೀ 1950ರಲ್ಲಿಯೇ ಬರೆದಿದ್ದರು. ಅವರನ್ನು ಯಾರೂ ವಾಕ್‌ಶಕ್ತಿ ಇಲ್ಲದವರೆನ್ನಲಿಲ್ಲ.

'ಹಾಗಾದರೆ ಹೊಸ ಕಂಪ್ಯೂಟರ್ ಕೊಳ್ಳೋಣ, ಇಲ್ಲವೇ ಸ್ಟುಡಿಯೋಗೆ ಹೋಗೋಣ' ಎನ್ನುವ ಉದಾರಿಗಳಿದ್ದಾರೆ. ಇದೂ ಕೇಳಿಸಿಕೊಳ್ಳದವರ ಉತ್ತರವೇ. ಮೊದಲಿನ ತೀರ್ಪು ಮಗುವನ್ನು ದೂರಿತು, ಇದು ಹಣದ ಚೀಲವನ್ನು ಬಿಚ್ಚಿತು. ನಾದ ಯಾವ ದಾರಿಯಲ್ಲಿ ಬರುತ್ತಿದೆಯೆಂದು ಎರಡೂ ವಿಚಾರಿಸಲಿಲ್ಲ. ವಿಚಾರಿಸಲು ಕಾಸು ಬೇಡ. ಬ್ಲೂಟೂತ್ ಇಯರ್‌ಫೋನನ್ನು ಬದಿಗಿಟ್ಟು ತಂತಿಯದನ್ನು ಹಾಕಬೇಕು. ಬ್ಲೂಟೂತ್ ತಾನೇ ನೂರು ಮಿಲಿಸೆಕೆಂಡಿಗೂ ಮೀರಿ ತಡಮಾಡಬಲ್ಲದು. ಆಡಿಯೊ ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿಯಿದ್ದರೆ ಒತ್ತಬೇಕು. ಆಗ ನಾದ ಕಂಪ್ಯೂಟರಿಗೆ ಹೋಗಿ ಬರದೆ ನೇರವಾಗಿ ಕಿವಿಗೆ ಬರುತ್ತದೆ. ಜೊತೆಗೇ ತಂತ್ರಾಂಶದೊಳಗಿನ ಮಾನಿಟರಿಂಗನ್ನು ಆರಿಸಬೇಕು. ಇಲ್ಲದಿದ್ದರೆ ಒಂದೇ ಗಿಟಾರ್ ಎರಡಾಗಿ, ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗಿ ಕೇಳಿಸುತ್ತದೆ.

ಎಲೆಕ್ಟ್ರಿಕ್ ಗಿಟಾರಿನವರಿಗೆ ಇಷ್ಟು ಸಾಲದು. ಅವರ ನಾದದ ಬಣ್ಣ ತಂತ್ರಾಂಶದ ಒಳಗೇ ಹುಟ್ಟುವುದರಿಂದ ನೇರ ದಾರಿಯಲ್ಲಿ ಬರಿಯ ಒಣ ತಂತಿಯ ಸದ್ದು ಕೇಳುತ್ತದೆ. ಅವರು ಬಫರನ್ನು 128ಕ್ಕೆ ಇಳಿಸಬೇಕು. ಆಗ ಎರಡು ಕೊಡಗಳೂ ಸೇರಿ ಆರು ಮಿಲಿಸೆಕೆಂಡು, ಅಂದರೆ ಎರಡು ಮೀಟರ್ ದೂರದ ಮಾತು. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ತಯಾರಕರೇ ಕೊಡುವ ಎಎಸ್‌ಐಒ ಡ್ರೈವರನ್ನು ಆರಿಸಬೇಕು. ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ಈ ವ್ಯವಸ್ಥೆಯನ್ನು ತಂದದ್ದೇ ವಿಳಂಬವನ್ನು ತಗ್ಗಿಸಲು. ಚಟಪಟ ಸದ್ದು ಬಂದರೆ ಕಂಪ್ಯೂಟರ್ ಏದುಸಿರು ಬಿಡುತ್ತಿದೆಯೆಂದು ತಿಳಿದು 256ಕ್ಕೆ ಏರಿಸಬೇಕು. ಮಿಶ್ರಣಕ್ಕೆ ಕುಳಿತಾಗ 1024 ಇದ್ದರೂ ನಷ್ಟವಿಲ್ಲ. ಗಿಟಾರಿನ ತಂತಿಯನ್ನು ಇಂಟರ್‌ಫೇಸಿನ 'ಇನ್‌ಸ್ಟ್ರುಮೆಂಟ್' ಕಿಂಡಿಗೇ ಚುಚ್ಚಬೇಕು. ಲೈನ್ ಕಿಂಡಿಗೆ ಚುಚ್ಚಿದರೆ ನಾದ ಮಂಕಾಗುತ್ತದೆ, ಮತ್ತೆ ಬೈಗುಳ ಬೆರಳಿಗೆ.

'ಭಾವಗೀತೆಗೆ ಗಿಟಾರೇಕೆ, ಸಾಹಿತ್ಯದ ಜಾಗದಲ್ಲಿ ಬಫರೇಕೆ?' ಎನ್ನುವವರಿಗೂ ಒಂದು ಮಾತು. ರಘು ದೀಕ್ಷಿತರ 2008ರ ಆಲ್ಬಮಿನಲ್ಲಿ ಶಿಶುನಾಳ ಶರೀಫರ ತತ್ತ್ವಪದ ಗಿಟಾರಿನ ಜೊತೆ ಬಂದಾಗ, ಶರೀಫರ ಹೆಸರನ್ನೇ ಕೇಳಿರದ ಹೊರನಾಡಿನ ಮಕ್ಕಳೂ ಅದನ್ನು ಗುನುಗಿದರು. ನಾವು ತಿಂಗಳಿಗೊಮ್ಮೆ ಸೇರಿ 'ಮುಂದಿನ ಪೀಳಿಗೆಗೆ ಕನ್ನಡ ಉಳಿಯುವುದು ಹೇಗೆ' ಎಂದು ಚರ್ಚಿಸುತ್ತೇವೆ; ಆ ಪೀಳಿಗೆ ಬಾಗಿಲಿಗೆ ಬಂದು ತನ್ನ ತೊಂದರೆಯನ್ನು ಕನ್ನಡದಲ್ಲೇ ಹೇಳಿದಾಗ ಬಾಯಿ ಮುಚ್ಚಿಸುತ್ತೇವೆ. ಈ ಸಣ್ಣ ತಾಂತ್ರಿಕ ತಿಳಿವಳಿಕೆಯನ್ನು ಕನ್ನಡದಲ್ಲಿ ಬರೆದಿಡುವುದು ನಮ್ಮ ಘನತೆಗೆ ಕಡಿಮೆಯೆಂದು ಬಿಟ್ಟೆವು. ಅದರ ಬೆಲೆಯನ್ನು ತೆತ್ತವಳು ಹದಿನೇಳರ ಹುಡುಗಿ.

ಈ ಉಪ್ಪಲ್ ರಸ್ತೆಯಲ್ಲೇ 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಿದೆ. ಭೂಕಂಪವನ್ನು ಅರಿಯುವವರು, ಒಂದು ಅಲೆ ಇನ್ನೊಂದಕ್ಕಿಂತ ಎಷ್ಟು ತಡವಾಗಿ ಬಂತೆಂಬುದರಿಂದಲೇ ಕಂಪನದ ದೂರವನ್ನು ಅಳೆಯುತ್ತಾರೆ. ತಡವಾಗಿ ಬಂದ ಅಲೆಗೆ ಅಲ್ಲಿ ಬೈಗುಳವಿಲ್ಲ. ಅದು ಬಂದ ದಾರಿಯನ್ನು ಕೇಳುತ್ತಾರೆ. ದಿನವೂ ಆ ಗೇಟಿನ ಮುಂದೆ ಹಾದುಹೋಗುವ ನಮಗೆ ಅಷ್ಟು ಬುದ್ಧಿ ಹೊಳೆಯಬೇಕಿತ್ತು.

ಎಲ್ಲ ಎಳೆತವೂ ಯಂತ್ರದ್ದೇ ಎಂದು ನಾವು ಹೇಳುತ್ತಿಲ್ಲ. ಅಭ್ಯಾಸ ಸಾಲದ ಕೈಗಳೂ ಇರುತ್ತವೆ. ಆದರೆ ಅದನ್ನು ತಿಳಿಯಲು ಎರಡು ನಿಮಿಷ ಸಾಕು: ಡೈರೆಕ್ಟ್ ಮಾನಿಟರ್ ಹಾಕಿ ಅದೇ ಪಲ್ಲವಿಯನ್ನು ಮತ್ತೊಮ್ಮೆ ನುಡಿಸಿರಿ. ಆಗಲೂ ಎಳೆದರೆ ತಿದ್ದಿರಿ, ಎಳೆಯದಿದ್ದರೆ ಕ್ಷಮೆ ಕೇಳಿರಿ. ನಾವು ಅವಳ ಮನೆಗೆ ಹೋಗಿ ಗುಂಡಿ ಒತ್ತಿ ನುಡಿಸಲು ಕೇಳಿಕೊಂಡೆವು. ಮೊದಲನೆಯ ಸಲವೇ ಸರಿಯಾಗಿ ಬಂತು. ಕ್ಷಮೆ ಕೇಳಿದೆವು. 'ಪರವಾಗಿಲ್ಲ ಅಂಕಲ್' ಎಂದಳು. ಮುಂದಿನ ರಾಜ್ಯೋತ್ಸವಕ್ಕೆ ನುಡಿಸುತ್ತೀಯಾ ಎಂದುದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ. ಆ ತಡವನ್ನು ತಗ್ಗಿಸುವ ಗುಂಡಿ ಯಾವ ಯಂತ್ರದಲ್ಲೂ ಇಲ್ಲ.