ಕಿಟಕಿ ಅಲುಗಾಡೋಕೆ ಕಂಪನಿ ಅಪ್ಪಣೆ ಯಾಕೆ?

"ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಎಫೆಕ್ಟ್ಸ್ ಬೇಕಾ? ಮೊದಲು ಕಂಪನಿ ಡ್ರೈವರ್ ಹಾಕಿ" ಅಂತ ನಾವು ಬ್ಲಾಗಿಗರೇ ಬರೀತಾ ಬಂದಿದ್ದೀವಿ. ಈ ಸಲಹೆ ಕಂಡ್ರೆ ಈಗ ನನಗೆ ಮೈ ಉರಿಯುತ್ತೆ.

ಕಳೆದ ದೀಪಾವಳಿಗೆ ನವಲಗುಂದಕ್ಕೆ ಹೋದಾಗ ಕಾಕಾನ ಹಳೇ ಪಿ.ಸಿ. ಜೋಳದ ಚೀಲದ ಹಿಂದೆ ಬಿದ್ದಿತ್ತು. "ಇದರ ಡ್ರೈವರ್ ಈಗ ಬರಂಗಿಲ್ರಿ, ಗುಜರಿಗೆ ಹಾಕ್ರಿ" ಅಂದಿದ್ನಂತೆ ರಿಪೇರಿಯವ. ಒಳಗಿದ್ದದ್ದು ರೇಡಿಯಾನ್ ಎಕ್ಸ್1300 ಕಾರ್ಡು. ಡೆಬಿಯನ್ 12 ಹಾಕಿದೆ, ಮಾಟೆ ಡೆಸ್ಕ್‌ಟಾಪ್ ಜೊತೆ. ಆಮೆ ನಡಿಗೆ! ಗ್ಲೆಕ್ಸ್‌ಇನ್ಫೋ ಕೇಳಿದ್ರೆ ರೆಂಡರರ್ 'ಎಲ್‌ಎಲ್‌ವಿಎಂಪೈಪ್' ಅಂತು.. ಅಂದ್ರೆ ಚಿತ್ರದ ಕೆಲಸವನ್ನೆಲ್ಲ ಪಾಪ ಸಿ.ಪಿ.ಯು. ಒಂದೇ ಮಾಡ್ತಿತ್ತು. ಎ.ಎಂ.ಡಿ. ಫರ್ಮ್‌ವೇರ್ ಪ್ಯಾಕೇಜ್ ಇರಲಿಲ್ಲ, ಅಷ್ಟೇ. (ಹೌದು, ಆ ಫರ್ಮ್‌ವೇರ್ ಮುಚ್ಚಿದ ಕಡತವೇ, ಅದೊಂದು ಮುಳ್ಳು ಇನ್ನೂ ಇದೆ.) ಅದನ್ನ ಹಾಕಿ ರೀಬೂಟ್ ಮಾಡಿದೆ, ಮೆಸಾದ ಆರ್300 ಡ್ರೈವರ್ ಎದ್ದು ಕೂತಿತು. ಆಮೇಲೆ ಕಾಂಪಿಜ್. ಕಿಟಕಿ ಹಿಡಿದು ಎಳೆದ್ರೆ ಜೆಲ್ಲಿ ಥರ ಅಲುಗಾಡ್ತು.

"ಇದರಿಂದ ಏನ್ ಉಪಯೋಗಪಾ?" ಅಂದ ಕಾಕಾ. ಏನೂ ಇಲ್ಲ :) ಕಾರ್ಡು ಸತ್ತಿಲ್ಲ ಅಂತ ಗೊತ್ತಾಯ್ತಲ್ಲ!

ಎಕ್ಸ್1300 ಬಂದದ್ದು 2005ರಲ್ಲಿ. ಮುಚ್ಚಿದ ಕೆಟಲಿಸ್ಟ್ ಡ್ರೈವರ್ ಈ ಪೀಳಿಗೆಯನ್ನ ಕೈಬಿಟ್ಟದ್ದು 2009ರಲ್ಲಿ. ನಾಲ್ಕು ವರ್ಷವೂ ತುಂಬಿರಲಿಲ್ಲ, ನಮ್ಮ ಎತ್ತುಗಳೇ ಇದಕ್ಕಿಂತ ಹೆಚ್ಚು ಬಾಳ್ತಾವೆ. ಅದೇ ಎ.ಎಂ.ಡಿ. 2007ರಲ್ಲಿ ಕಾರ್ಡುಗಳ ತಾಂತ್ರಿಕ ದಾಖಲೆಗಳನ್ನ ಬಿಡುಗಡೆ ಮಾಡೋಕೆ ಶುರು ಮಾಡಿತ್ತು. ಅದನ್ನ ಓದಿ ಬೆಳೆಸಿದ ಮುಕ್ತ ಡ್ರೈವರ್ ಇವತ್ತಿಗೂ ಓಡ್ತಿದೆ. ಇನ್ನು ಎನ್‌ವಿಡಿಯಾ 2022ರಲ್ಲಿ ತೆರೆದದ್ದು ಕರ್ನಲ್ ಮಾಡ್ಯೂಲ್ ಮಾತ್ರ, ಅದೂ ಟ್ಯೂರಿಂಗ್‌ನಿಂದ ಈಚಿನ ಕಾರ್ಡುಗಳಿಗೆ. ಹಳಬರನ್ನ ಕಾಯ್ತಿರೋದು ರಿವರ್ಸ್ ಎಂಜಿನಿಯರಿಂಗ್ ಮಾಡಿ ಬರೆದ ನೂವೋ.

ವೇಗ ಕಡಿಮೆ ಅಂತೀರಾ? ಹೊಸ ಕಾರ್ಡಲ್ಲಿ ಗೇಮ್ ಆಡೋರು ಕಂಪನಿದೇ ಹಾಕ್ಕೊಳ್ಳಲಿ, ತಕರಾರಿಲ್ಲ. ಕಿಟಕಿ ಅಲುಗಾಡಿಸೋಕೆ ಅದ್ಯಾಕೆ?

ಮುಚ್ಚಿಟ್ಟರೆ ಏನಾಗುತ್ತೆ ಅಂತ ನಮ್ಮೂರನ್ನ ಕೇಳಿ. ನವಲಗುಂದದ ಜಮಖಾನ ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದು. ಗುಟ್ಟು ಮನೆ ದಾಟಬಾರದು ಅಂತ ನೇಯ್ಗೆಯನ್ನ ಸೊಸೆಯಂದಿರಿಗೆ ಮಾತ್ರ ಕಲಿಸ್ತಿದ್ರು, ಹೆಣ್ಣುಮಕ್ಕಳಿಗಲ್ಲ ಅಂತಾರೆ. ಹೊಟ್ಟೆಪಾಡು, ತಪ್ಪು ಅನ್ನಲಾರೆ. ಆದ್ರೆ ಈಗ ಮಗ್ಗದ ಮುಂದೆ ಕೂರೋರು ಬೆರಳೆಣಿಕೆಯಷ್ಟು. ಕೂಲಿ ಕಮ್ಮಿ ಅನ್ನೋದೂ ಕಾರಣವೇ, ಆದ್ರೆ ಕಲಿಯೋ ಬಾಗಿಲೂ ಚಿಕ್ಕದಿತ್ತಲ್ಲ?

ಅದಕ್ಕೇ ಗೆಳೆಯರೇ, ನಿಮ್ಮ ಹಳೇ ಪೋಸ್ಟುಗಳನ್ನ ಒಮ್ಮೆ ತೆಗೆದು ನೋಡಿ. ಮೊದಲ ಸಾಲಿನಲ್ಲಿ ಗ್ಲೆಕ್ಸ್‌ಇನ್ಫೋ ಇರಲಿ, ಕಂಪನಿ ಡ್ರೈವರ್ ಕೊನೇ ಸಾಲಿಗೆ ಹೋಗಲಿ. ನಾನೂ ಅದೇ ಪಾಪ ಮಾಡಿದ್ದೆ, ನನ್ನ ಪೋಸ್ಟನ್ನ ನಿನ್ನೆ ರಾತ್ರಿ ತಿದ್ದಿದೆ.