ಕಾರಿನ ಹಳದಿ ದೀಪ ಮಿನುಗಿದಾಗ

ಸಹೋದರಿಯರೇ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯಲ್ಲಿ ಈಗ ಅನೇಕ ಮನೆಗಳ ಮುಂದೆ ಕಾರು ನಿಂತಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಗಳೂ ಅವುಗಳಲ್ಲಿ ಸಾಕಷ್ಟಿವೆ. ಧಾರವಾಡದ ಆಸ್ಪತ್ರೆಗೆ, ಹುಬ್ಬಳ್ಳಿಯ ಮದುವೆಗೆ, ಅಣಶಿ ಘಟ್ಟ ಇಳಿದು ಕಾರವಾರದ ನೆಂಟರ ಮನೆಗೆ ಅದರಲ್ಲೇ ಪ್ರಯಾಣ. ಕೆಲವು ಸಹೋದರಿಯರು ತಾವೇ ಓಡಿಸುತ್ತಾರೆ. ಇನ್ನು ಕೆಲವರು ಗಾಡಿಯ ಉಸಾಬರಿ ಗಂಡಸರಿಗೆ ಬಿಟ್ಟದ್ದು ಎಂದು ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂರುತ್ತಾರೆ. ನೀವು ಯಾವ ಸೀಟಿನಲ್ಲಿದ್ದರೂ ಸರಿ, ಒಂದು ದೀಪದ ಭಾಷೆಯನ್ನು ಮಾತ್ರ ತಿಳಿದುಕೊಂಡಿರಿ.

ಸ್ಟಿಯರಿಂಗ್ ಹಿಂದಿನ ಫಲಕದಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪವೊಂದಿದೆ. ಕೀಲಿ ತಿರುಗಿಸಿದಾಗ ಅದು ಹೊತ್ತಿ, ಇಂಜಿನ್ ಚಾಲೂ ಆದ ಮೇಲೆ ಆರಬೇಕು. ಓಡುವಾಗ ಅದು ಒಂದೇ ಸಮನೆ ಉರಿಯುತ್ತಿದ್ದರೆ ಎಲ್ಲೋ ಒಂದು ದೋಷವಿದೆ ಎಂದರ್ಥ. ಗಾಡಿ ಎಂದಿನಂತೆ ಓಡುತ್ತಿದ್ದರೆ ಗಾಬರಿ ಬೇಡ, ಒಂದೆರಡು ದಿನದಲ್ಲಿ ಗ್ಯಾರೇಜಿಗೆ ತೋರಿಸಿದರಾಯಿತು. ಆದರೆ ದೀಪ ಮಿನುಗತೊಡಗಿದರೆ ಕಾಯಲು ಸಮಯವಿಲ್ಲ.

ಏಕೆಂದು ಕೇಳುತ್ತೀರಾ? ಪೆಟ್ರೋಲ್ ಇಂಜಿನ್ನಿನಲ್ಲಿ ಮೂರು ಅಥವಾ ನಾಲ್ಕು ಸಿಲಿಂಡರುಗಳಿರುತ್ತವೆ. ಪ್ರತಿಯೊಂದರಲ್ಲೂ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಒಂದರಲ್ಲಿ ಕಿಡಿ ತಪ್ಪಿದರೆ ಇಂಜಿನ್ ನಡುಗುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಮೆಕ್ಯಾನಿಕ್‌ಗಳು ಇದನ್ನು ಮಿಸ್ಸಿಂಗ್ ಎನ್ನುತ್ತಾರೆ. ಉರಿಯದೆ ಉಳಿದ ಪೆಟ್ರೋಲ್ ಹೊಗೆಕೊಳವೆಯತ್ತ ಹೋಗುತ್ತದೆ. ಅಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಅದರೊಳಗೆ ಜೇನುಗೂಡಿನಂತಹ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ಲೇಪ. ಪೆಟ್ರೋಲ್ ಅಲ್ಲಿಗೆ ಹೋಗಿ ಉರಿದರೆ ಶಾಖ 1000 ಡಿಗ್ರಿ ಸೆಲ್ಸಿಯಸ್ ಮೀರಬಹುದು, ಒಳಗಿನ ಗೂಡು ಕರಗಬಹುದು. ಒಂದು ಪ್ಲಗ್ಗಿನಲ್ಲಿ ಮುಗಿಯಬೇಕಿದ್ದ ಖರ್ಚು ಹತ್ತಾರು ಸಾವಿರಕ್ಕೆ ಏರುವುದು ಹೀಗೆ.

ಆದ್ದರಿಂದ ದೀಪ ಮಿನುಗಿದೊಡನೆ ಎಕ್ಸಲರೇಟರಿನ ಮೇಲಿನ ಒತ್ತಡ ಇಳಿಸಿ. "ಇನ್ನೇನು ಊರು ಬಂತು, ಜೋರಾಗಿ ಹೋಗಿ ಮುಟ್ಟಿಬಿಡೋಣ" ಎನ್ನುವುದೇ ತಪ್ಪು ಲೆಕ್ಕ. ವೇಗ ಮತ್ತು ಭಾರ ಹೆಚ್ಚಿದಷ್ಟೂ ಉರಿಯದ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಘಟ್ಟದ ತಿರುವಿನಲ್ಲಿ ನಿಲ್ಲಿಸಬೇಡಿ, ಹಿಂದಿನಿಂದ ಬರುವವರಿಗೆ ಕಾಣುವಂತಹ ಸಮತಟ್ಟಾದ ಜಾಗ ನೋಡಿ ಇಂಜಿನ್ ಆರಿಸಿ. ಒಂದು ವಿಷಯ ನೆನಪಿರಲಿ. ಬೇಸಿಗೆಯಲ್ಲಿ ದಾಂಡೇಲಿ-ಜೋಯಿಡಾ ಕಾಡಿನಲ್ಲಿ ತೇಗದ ಒಣ ಎಲೆ ರಾಶಿ ಬಿದ್ದಿರುತ್ತದೆ. ಕಾದು ಕೆಂಡವಾದ ಕನ್ವರ್ಟರ್ ಗಾಡಿಯ ಅಡಿಯಲ್ಲೇ ಇರುವುದರಿಂದ ತರಗೆಲೆಯ ಮೇಲೆ, ಒಣ ಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತೀತು. ಮಕ್ಕಳನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿಕೊಳ್ಳಿ.

ಸ್ವಲ್ಪ ಹೊತ್ತಿನ ನಂತರ ಚಾಲೂ ಮಾಡಿ ನೋಡಿ. ಮಿನುಗುವುದು ನಿಂತು ಇಂಜಿನ್ ನಡುಗದಿದ್ದರೆ ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಬಹುದು. ಮತ್ತೆ ಮಿನುಗಿದರೆ ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ಅಗ್ಗ. ಜೋಯಿಡಾ ಕಡೆಯ ಕಾಡಿನ ರಸ್ತೆಗಳಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಹೊರಡುವ ಮುನ್ನವೇ ಪರಿಚಯದ ಮೆಕ್ಯಾನಿಕ್‌ನ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಹಳದಿಯಲ್ಲ, ಕೆಂಪು ಬಣ್ಣದ ಆಯಿಲ್ ದೀಪ ಅಥವಾ ಶಾಖದ ದೀಪ ಹೊತ್ತಿದರೆ ಮಾತ್ರ ಗಾಡಿಯನ್ನು ಮುಂದೆ ಓಡಿಸಲೇಬೇಡಿ.

ಗ್ಯಾರೇಜಿನಲ್ಲಿ ಏನು ಕೇಳಬೇಕು? ಈಗಿನ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಜೋಡಿಸುವ ಸಾಕೆಟ್ ಇರುತ್ತದೆ. "ಭಾಯಿ, ಮೊದಲು ಸ್ಕ್ಯಾನ್ ಮಾಡಿ, ಕೋಡ್ ಬರೆದುಕೊಡಿ" ಎನ್ನಿ. ಪಿ0301 ಎಂದು ಬಂದರೆ ಮೊದಲ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0302 ಎಂದರೆ ಎರಡನೆಯದರಲ್ಲಿ. ಪಿ0300 ಎಂದರೆ ಒಂದೇ ಕಡೆಯಲ್ಲ, ಅಲ್ಲಲ್ಲಿ. ಆದರೆ ಕೋಡ್ ಜಾಗವನ್ನು ತೋರಿಸುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್ ಇರುವ ಗಾಡಿಯಾದರೆ ಪರೀಕ್ಷೆ ಸುಲಭ. ಎರಡನೆಯದರ ಕಾಯಿಲನ್ನು ಮೊದಲನೆಯದಕ್ಕೆ, ಮೊದಲನೆಯದನ್ನು ಎರಡನೆಯದಕ್ಕೆ ಹಾಕಿ ಓಡಿಸಿ ನೋಡುವುದು. ಪಿ0302 ಇದ್ದದ್ದು ಪಿ0301 ಆದರೆ ಕಾಯಿಲ್ ಕೆಟ್ಟಿದೆ. ಬದಲಾಗದಿದ್ದರೆ ಪ್ಲಗ್, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್. ಈ ಕ್ರಮ ಬಿಟ್ಟು ಒಂದೇ ಸಲಕ್ಕೆ ಎಲ್ಲ ಭಾಗಗಳನ್ನೂ ಬದಲಿಸಿದರೆ ನಿಮ್ಮ ಹಣ ವ್ಯರ್ಥ.

ನಮ್ಮ ಕಡೆಯ ಮಳೆಗಾಲವನ್ನೂ ಮರೆಯಬಾರದು. ಪ್ಲಗ್ ಕೂರುವ ಗುಳಿಗೆ ನೀರು ಇಳಿದರೂ, ಪೆಟ್ರೋಲಿನಲ್ಲಿ ನೀರು ಬೆರೆತರೂ ಮಿಸ್ಸಿಂಗ್ ಆಗುತ್ತದೆ. ಇಂಜಿನ್ನಿಗೆ ಪೈಪ್ ಹಿಡಿದು ನೀರು ಹೊಡೆಯಬೇಡಿ. ಬೆಚ್ಚಗಿನ ಬಾನೆಟ್ ಕೆಳಗೆ ಸೇರಿ ವೈರ್ ಕಡಿಯುವ ಇಲಿಗಳ ಮೇಲೂ ಕಣ್ಣಿರಲಿ. ಪ್ಲಗ್ಗನ್ನು ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಈ ಮಾತುಗಳೆಲ್ಲ ಪೆಟ್ರೋಲ್ ಗಾಡಿಯದ್ದು. ಡೀಸೆಲ್ ಗಾಡಿಯಲ್ಲಿ ಮಿನುಗುವ ದೀಪಕ್ಕೆ ಬೇರೆ ಅರ್ಥವಿರಬಹುದು, ಅದಕ್ಕೂ ಪುಸ್ತಕವನ್ನೇ ನೋಡಬೇಕು.

ಕೆಲವರು ಬ್ಯಾಟರಿ ತಂತಿ ಬಿಚ್ಚಿ ದೀಪ ಆರಿಸುತ್ತಾರೆ. ಅದರಿಂದ ಕೋಡ್ ಅಳಿಯುತ್ತದೆ, ರೋಗ ಉಳಿಯುತ್ತದೆ. ಹಳೆಯ ಗಾಡಿ ಕೊಳ್ಳುವಾಗ ಇದೇ ಮೋಸ ನಡೆಯಬಹುದು. ಕೀಲಿ ತಿರುಗಿಸಿದಾಗ ಆ ದೀಪ ಹೊತ್ತದೇ ಇದ್ದರೆ ಅದನ್ನು ಬೇಕೆಂದೇ ಕಿತ್ತಿರಬಹುದು. ಹೊತ್ತಿ ಆರಿದರೂ ಅಷ್ಟಕ್ಕೇ ನಂಬದೆ, ನಿಮ್ಮ ಕಡೆಯ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡು ಒಂದು ಏರು ಹತ್ತಿಸಿ ಆಮೇಲೆ ಹಣ ಕೊಡಿ. ಮಾರುವವರು ನೀವಾದರೆ ಸರಕಿನ ದೋಷವನ್ನು ಹೇಳಿಯೇ ಮಾರಬೇಕೆಂಬ ನಮ್ಮ ದೀನಿನ ಮಾತು ಕಾರಿಗೂ ಅನ್ವಯಿಸುತ್ತದೆ.

ಮುಂದಿನ ಪ್ರಯಾಣದಲ್ಲಿ ದೀಪ ಮಿನುಗುವುದು ನಿಮ್ಮ ಕಣ್ಣಿಗೆ ಬಿದ್ದರೆ ಸಂಕೋಚಪಡಬೇಡಿ. ಓಡಿಸುವವರು ಪತಿಯಾಗಲಿ, ಮಗನಾಗಲಿ, ಬಾಡಿಗೆ ಡ್ರೈವರಾಗಲಿ, "ನಿಧಾನ ಮಾಡಿ, ಬದಿಗೆ ನಿಲ್ಲಿಸಿ" ಎಂದು ಹೇಳಿ. ಎಷ್ಟೋ ತಿಂಗಳ ಉಳಿತಾಯ ಆ ಒಂದು ಮಾತಿನಿಂದ ಉಳಿಯಬಹುದು.