ರೋಗದ ಸುದ್ದಿ ಗಡಿ ದಾಟಲಿ, ರೋಗವಲ್ಲ

ಹಜ್‌ಗೆ ಹೊರಡುವವರ ಮನೆಯ ಸಡಗರವೇ ಬೇರೆ. ಇಹ್ರಾಮ್‌ನ ಬಟ್ಟೆ, ಹೊಸ ಚಪ್ಪಲಿ, ಮಾತ್ರೆಗಳ ಚೀಲ, ನೆಂಟರಿಷ್ಟರ ಭೇಟಿ. ಇದರ ನಡುವೆ ಒಂದು ದಿನ ಲಸಿಕೆ ಶಿಬಿರಕ್ಕೂ ಹೋಗಿ ಬರಬೇಕು. ತೋಳಿಗೊಂದು ಚುಚ್ಚುಮದ್ದು, ಕೈಗೊಂದು ಕಾರ್ಡು. "ಇದು ಯಾಕಪ್ಪಾ?" ಎಂದು ಅಜ್ಜಿ ಕೇಳಿದರೆ, "ಸೌದಿಯವರ ಕಾನೂನು, ಹಾಕಿಸಲೇಬೇಕು" ಎಂದು ಮಕ್ಕಳು ಮಾತು ಮುಗಿಸುತ್ತಾರೆ.

ಕಾನೂನು ನಿಜ. ಆದರೆ ಅದು ಬಂದ ದಾರಿ ಗೊತ್ತಾದರೆ ಆ ಒಂದು ಚುಚ್ಚುಮದ್ದಿನ ಹಿಂದೆ ಎಷ್ಟು ದೇಶಗಳ ವೈದ್ಯರ ಶ್ರಮವಿದೆ ಎಂಬುದು ತಿಳಿಯುತ್ತದೆ.

ಮೆದುಳು ಪೊರೆಯ ಜ್ವರ, ಅಂದರೆ ಮೆನಿಂಜೈಟಿಸ್, ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯಬಲ್ಲ ರೋಗ. 1987ರಲ್ಲಿ ಹಾಜಿಗಳ ನಡುವೆ ಇದು ಹರಡಿತು. ಆಗ ಕಾಣಿಸಿಕೊಂಡದ್ದು 'ಎ' ಬಗೆಯ ರೋಗಾಣು. ಅದಕ್ಕೆ ತಕ್ಕ ಲಸಿಕೆ ಕಡ್ಡಾಯವಾಯಿತು. ಎಲ್ಲರೂ ನಿಶ್ಚಿಂತರಾಗಿದ್ದಾಗ 2000ದ ಹಜ್ ಮುಗಿಯುತ್ತಿದ್ದಂತೆ ಯುರೋಪಿನಲ್ಲಿ, ಅರಬ್ ದೇಶಗಳಲ್ಲಿ, ಏಷ್ಯಾದಲ್ಲಿ ಅದೇ ಜ್ವರ ಮತ್ತೆ ಕಾಣಿಸಿತು. ಕಾಯಿಲೆ ಬಿದ್ದವರಲ್ಲಿ ಮಕ್ಕಾಕ್ಕೆ ಹೋಗಿಯೇ ಇರದವರೂ ಇದ್ದರು. ಹಾಜಿಗಳು ಆರೋಗ್ಯವಾಗಿಯೇ ಮನೆಗೆ ಮರಳಿದ್ದರು, ಆದರೆ ಅವರ ಗಂಟಲಿನಲ್ಲಿ ಕುಳಿತು ಬಂದ ರೋಗಾಣು ಮನೆಯಲ್ಲಿದ್ದವರಿಗೆ ಅಂಟಿತ್ತು.

ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ತಮ್ಮಲ್ಲಿ ಸಿಕ್ಕಿದ ರೋಗಾಣುವನ್ನು ಹೋಲಿಸಿ ನೋಡಿದವು. ಎಲ್ಲೆಡೆ ಇದ್ದದ್ದು 'ಡಬ್ಲ್ಯು-135' ಎಂಬ ಒಂದೇ ತಳಿ. ಹಳೆಯ ಲಸಿಕೆ ಅದನ್ನು ತಡೆಯುತ್ತಿರಲಿಲ್ಲ. 16 ದೇಶಗಳಲ್ಲಿ 400ಕ್ಕೂ ಹೆಚ್ಚು ಮಂದಿಗೆ ರೋಗ ತಗಲಿದ್ದು ಲೆಕ್ಕಕ್ಕೆ ಬಂತು. 2002ರಿಂದ ನಾಲ್ಕು ಬಗೆಯ ರೋಗಾಣುಗಳನ್ನು ತಡೆಯುವ ಲಸಿಕೆ ಕಡ್ಡಾಯವಾಯಿತು. ಇಂದು ನಮ್ಮ ಹಾಜಿಗಳು ಹಾಕಿಸಿಕೊಳ್ಳುವುದು ಅದನ್ನೇ.

ಒಂದು ದೇಶ ತನ್ನಲ್ಲಿದ್ದ ಹತ್ತಿಪ್ಪತ್ತು ರೋಗಿಗಳನ್ನು ಮಾತ್ರ ನೋಡಿಕೊಂಡು ಸುಮ್ಮನಿದ್ದಿದ್ದರೆ? "ಹೇಳಿದರೆ ನಮ್ಮ ದೇಶದ ಹೆಸರು ಕೆಡುತ್ತದೆ" ಎಂದು ಮುಚ್ಚಿಟ್ಟಿದ್ದರೆ? ಮುಂದಿನ ವರ್ಷ ಅದೇ ರೋಗ ಇನ್ನೆಷ್ಟು ಮನೆಗಳ ಬಾಗಿಲು ತಟ್ಟುತ್ತಿತ್ತೋ! ವಿಜ್ಞಾನದ ಮಾಹಿತಿ ದೇಶದಿಂದ ದೇಶಕ್ಕೆ ಮುಕ್ತವಾಗಿ ಹರಿಯಬೇಕು ಎಂಬ ಒತ್ತಾಯವನ್ನು ನಾವು ಬೆಂಬಲಿಸಬೇಕಾದದ್ದು ಇದಕ್ಕಾಗಿಯೇ. ಅದು ವಿಜ್ಞಾನಿಗಳಷ್ಟೇ ತಲೆಕೆಡಿಸಿಕೊಳ್ಳಬೇಕಾದ ವಿಷಯವಲ್ಲ, ನಮ್ಮ ಮನೆಯವರ ಜೀವದ ಪ್ರಶ್ನೆ.

ಸಾಂಕ್ರಾಮಿಕ ಹರಡಿರುವ ಊರಿಗೆ ಹೋಗಬಾರದು, ಅಲ್ಲಿದ್ದರೆ ಅಲ್ಲಿಂದ ಹೊರಡಬಾರದು ಎಂಬ ಪ್ರವಾದಿ(ಸ)ಯವರ ನಿರ್ದೇಶ ನಮಗೆಲ್ಲ ಗೊತ್ತಿದೆ. ಆದರೆ ಯಾವ ಊರಿನಲ್ಲಿ ರೋಗವಿದೆ ಎಂದು ಯಾರಾದರೂ ಹೇಳಿದರೆ ತಾನೇ ಅದನ್ನು ಪಾಲಿಸಲು ಸಾಧ್ಯ? ಸುದ್ದಿ ಮುಚ್ಚಿಟ್ಟಲ್ಲಿ ಎಚ್ಚರಿಕೆಗೆ ಜಾಗವೇ ಇರುವುದಿಲ್ಲ.

ಇನ್ನೊಂದು ಕಥೆ ನಮ್ಮ ಮಲೆನಾಡಿನದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಯವರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಲ್ಲಿ ಭಾರತೀಯ ಮತ್ತು ಅಮೆರಿಕನ್ ವಿಜ್ಞಾನಿಗಳು ಜೊತೆಯಾಗಿ ದುಡಿದು ವೈರಸ್ಸನ್ನು ಪತ್ತೆ ಮಾಡಿದರು. ಅದು ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಒಂದು ವೈರಸ್ಸಿನ ಹತ್ತಿರದ ಸಂಬಂಧಿ ಎಂಬುದೂ ಬೇಗನೆ ತಿಳಿಯಿತು. ನಾವು ಮಂಗನ ಕಾಯಿಲೆ ಎನ್ನುವುದು ಇದನ್ನೇ.

ಸುಮಾರು ನಾಲ್ಕು ದಶಕಗಳ ನಂತರ, 1990ರ ದಶಕದಲ್ಲಿ, ಜಿದ್ದಾದಲ್ಲಿ ಕೆಲವರಿಗೆ ವಿಚಿತ್ರ ಜ್ವರ ಬಂತು. ರೋಗಿಗಳ ರಕ್ತದಿಂದ ಹೊಸ ವೈರಸ್ಸನ್ನು ಬೇರ್ಪಡಿಸಿದವರು ಅಲ್ಲಿ ಕೆಲಸ ಮಾಡುತ್ತಿದ್ದ ಈಜಿಪ್ಟಿನ ವಿಜ್ಞಾನಿ ಡಾ. ಅಲಿ ಮೊಹಮ್ಮದ್ ಝಕಿ. ಅಲ್‌ಖುರ್ಮಾ ಎಂದು ಹೆಸರಾದ ಆ ವೈರಸ್ಸಿನ ತಳಿರಚನೆಯನ್ನು ಫ್ರಾನ್ಸಿನ ವಿಜ್ಞಾನಿಗಳೊಂದಿಗೆ ಸೇರಿ ಓದಿದಾಗ, ಅದು ನಮ್ಮ ಕ್ಯಾಸನೂರಿನ ವೈರಸ್ಸಿನ ತೀರಾ ಹತ್ತಿರದ ಬಂಧು ಎಂದು ತಿಳಿಯಿತು! ಕ್ಯಾಸನೂರೆಲ್ಲಿ, ಜಿದ್ದಾ ಎಲ್ಲಿ? ನಮ್ಮವರು ಹಿಂದೆ ಬರೆದಿಟ್ಟ ಮಾಹಿತಿ ಜಗತ್ತಿಗೆ ಸಿಗುವಂತಿದ್ದುದರಿಂದಲೇ ಈ ನಂಟು ಕಂಡಿತು. ಮಂಗನ ಕಾಯಿಲೆಗೆ ಇದ್ದ ಹಳೆಯ ಲಸಿಕೆಯ ಬಲ ಸಾಲದೆಂದು ಅದರ ಬಳಕೆ ನಿಂತಿದೆ. ಕಾಡಿಗೆ ಸೌದೆ, ದರಗು ತರಲು ಹೋಗುವವರು ಇಂದಿಗೂ ಪ್ರತಿ ಬೇಸಿಗೆಯನ್ನು ಭಯದಲ್ಲೇ ಕಳೆಯುತ್ತಾರೆ. ಎರಡು ದೇಶಗಳ ವಿಜ್ಞಾನಿಗಳು ತಮಗೆ ಗೊತ್ತಿರುವುದನ್ನು ಹಂಚಿಕೊಂಡರೆ ಲಾಭ ಶಿವಮೊಗ್ಗಕ್ಕೂ ಉಂಟು, ಜಿದ್ದಾಕ್ಕೂ ಉಂಟು.

ಅದೇ ಡಾ. ಝಕಿಯವರ ಮುಂದೆ 2012ರ ಜೂನ್‌ನಲ್ಲಿ ಇನ್ನೊಂದು ಒಗಟು ಬಂತು. ಜಿದ್ದಾದ ಆಸ್ಪತ್ರೆಯೊಂದರಲ್ಲಿ 60 ವರ್ಷದ ವ್ಯಕ್ತಿಯೊಬ್ಬರು ಶ್ವಾಸಕೋಶದ ಸೋಂಕಿನಿಂದ ತೀರಿಕೊಂಡರು. ಕಾರಣ ತಿಳಿಯದಾಗ ಝಕಿ ಮಾದರಿಯನ್ನು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ಗೆ ಕಳಿಸಿದರು. ಅದೊಂದು ಹೊಸ ಕೊರೋನಾ ವೈರಸ್. ಸೆಪ್ಟೆಂಬರ್‌ನಲ್ಲಿ ಅವರು 'ಪ್ರೊಮೆಡ್' ಎಂಬ ಅಂತಾರಾಷ್ಟ್ರೀಯ ರೋಗ ಸೂಚನಾ ಜಾಲದಲ್ಲಿ ಸುದ್ದಿ ಪ್ರಕಟಿಸಿದರು. ಕತಾರ್‌ನಿಂದ ಬಂದ ರೋಗಿಯೊಬ್ಬರಿಗೆ ಲಂಡನ್‌ನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಅವರಿಗೂ ಇದೇ ವೈರಸ್ ತಗಲಿದೆ ಎಂದು ಕೆಲವೇ ದಿನಗಳಲ್ಲಿ ಗೊತ್ತಾಯಿತು. ಜರ್ಮನಿಯ ವಿಜ್ಞಾನಿಗಳು ಪರೀಕ್ಷಾ ವಿಧಾನವನ್ನು ಸಿದ್ಧಪಡಿಸಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. ಹಜ್‌ಗೆ ಆಗ ಉಳಿದಿದ್ದುದು ಹೆಚ್ಚು ಕಡಿಮೆ ಒಂದು ತಿಂಗಳು. ಲಕ್ಷಾಂತರ ಮಂದಿ ಸೇರುವ ಮುನ್ನವೇ ಜಗತ್ತಿಗೆ ಎಚ್ಚರಿಕೆ ಸಿಕ್ಕಿತು. ಆ ರೋಗವೇ ಮೆರ್ಸ್. ವರದಿಯಾದ ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರು ಅದರಿಂದ ತೀರಿಕೊಂಡಿದ್ದಾರೆ.

ಸುದ್ದಿ ಹಂಚಿಕೊಂಡ ಝಕಿಯವರಿಗೆ ಸಿಕ್ಕಿದ್ದೇನು? ಕೆಲಸ ಕಳೆದುಕೊಂಡು ಈಜಿಪ್ಟಿಗೆ ಮರಳಬೇಕಾಯಿತು. ಸತ್ಯ ಹೇಳಿದ ವೈದ್ಯನಿಗೆ ರಕ್ಷಣೆ ಇಲ್ಲದಿದ್ದರೆ ಮುಂದಿನ ಸಲ ಯಾರು ಬಾಯಿ ತೆರೆದಾರು?

ಇನ್ನೊಂದು ಮುಖವನ್ನೂ ನೋಡಬೇಕು. ಹಂಚಿಕೊಳ್ಳಿ ಎಂದರೆ ಬಡ ದೇಶಗಳು ಕೊಡುತ್ತಲೇ ಇರಬೇಕು, ಶ್ರೀಮಂತ ದೇಶಗಳು ಗಳಿಸುತ್ತಲೇ ಇರಬೇಕು ಎಂದಲ್ಲ. ಇಂಡೋನೇಷ್ಯಾ 2007ರಲ್ಲಿ ಹಕ್ಕಿಜ್ವರದ ಮಾದರಿ ಕೊಡುವುದನ್ನು ನಿಲ್ಲಿಸಿತು. ತನ್ನ ರೋಗಿಗಳಿಂದ ತೆಗೆದ ವೈರಸ್‌ನಿಂದ ಹೊರದೇಶದ ಕಂಪೆನಿ ಲಸಿಕೆ ಮಾಡುತ್ತದೆ, ಆ ಲಸಿಕೆ ತನ್ನ ಜನರ ಕೈಗೆಟಕುವುದಿಲ್ಲ ಎಂಬುದು ಅದರ ದೂರು. ಮಾದರಿ ತಡೆದದ್ದರಿಂದ ಜಗತ್ತಿಗೆ ಅಪಾಯವಿತ್ತು ಎನ್ನುವವರ ಮಾತು ಸುಳ್ಳಲ್ಲ. ಆದರೆ ದೂರಿನಲ್ಲಿ ನ್ಯಾಯವೂ ಇತ್ತು. ಮೆರ್ಸ್ ವೈರಸ್ಸಿನ ವಿಷಯದಲ್ಲೂ ರಾಟರ್‌ಡ್ಯಾಮ್‌ನ ಪ್ರಯೋಗಾಲಯ ಹಾಕಿದ ಪೇಟೆಂಟ್ ಅರ್ಜಿ ಮತ್ತು ಷರತ್ತುಗಳ ಬಗ್ಗೆ ಸೌದಿ ಅರೇಬಿಯಾ 2013ರಲ್ಲಿ ಆಕ್ಷೇಪ ಎತ್ತಿತು. ಇಂಡೋನೇಷ್ಯಾ ಎತ್ತಿದ ಪ್ರಶ್ನೆಯಿಂದಾಗಿಯೇ 2011ರಲ್ಲಿ ಫ್ಲೂ ವೈರಸ್ ಮತ್ತು ಲಸಿಕೆ ಹಂಚಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಒಂದು ಒಪ್ಪಂದ ರೂಪುಗೊಂಡಿತು.

ಕೋವಿಡ್ ನಂತರ ಈ ಮಾತು ಮುಂದುವರಿದಿದೆ. 2021ರ ನವೆಂಬರ್‌ನಲ್ಲಿ ಯುನೆಸ್ಕೋ ಸದಸ್ಯ ದೇಶಗಳು ಮುಕ್ತ ವಿಜ್ಞಾನದ ಶಿಫಾರಸನ್ನು ಅಂಗೀಕರಿಸಿದವು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಮಹಾಮಾರಿ ಒಪ್ಪಂದಕ್ಕೆ ಒಪ್ಪಿಗೆ ನೀಡಿತು. ಮಹಾಮಾರಿಯ ಸಮಯದಲ್ಲಿ ಇದರಲ್ಲಿ ಪಾಲ್ಗೊಳ್ಳುವ ಕಂಪೆನಿಗಳು ತಯಾರಿಸುವ ಲಸಿಕೆ, ಔಷಧಗಳಲ್ಲಿ ಶೇ. 20ರಷ್ಟು ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅಗತ್ಯವಿರುವ ದೇಶಗಳಿಗೆ ಸಿಗಬೇಕು, ಅದರಲ್ಲಿ ಕನಿಷ್ಠ ಅರ್ಧ ಉಚಿತವಾಗಿರಬೇಕು ಎಂಬುದು ಅದರ ಗುರಿ. ಕಾಗದದ ಮೇಲಿನ ಈ ಮಾತು ಕಾರ್ಯರೂಪಕ್ಕೆ ಬರುವಂತೆ ಒತ್ತಾಯಿಸುವುದು ಜನರ ಕೆಲಸ. ನಮ್ಮ ಬೇಡಿಕೆ ಸರಳ: ಮಾಹಿತಿ ಬೇಗ ಸಿಗಲಿ, ಅದರ ಫಲ ಕೊಟ್ಟವರಿಗೂ ಸಿಗಲಿ, ಸತ್ಯ ಹೇಳಿದ ವೈದ್ಯರಿಗೆ ಶಿಕ್ಷೆಯಾಗದಿರಲಿ.

ಇಂತಹ ದೊಡ್ಡ ವಿಷಯದಲ್ಲಿ ನಮ್ಮಂಥ ಸಂಸಾರಸ್ಥರು ಮಾಡಬಹುದಾದದ್ದೇನು ಎಂದು ಕೇಳಬಹುದು. ಮುಕ್ತ ಮಾಹಿತಿ ಆರಂಭವಾಗುವುದೇ ರೋಗಿಯ ಬಾಯಿಯಿಂದ. ಹಜ್, ಉಮ್ರಾ ಅಥವಾ ಗಲ್ಫ್‌ನಿಂದ ಮರಳಿದ ಎರಡು ವಾರಗಳೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಬಂದರೆ ವೈದ್ಯರ ಬಳಿ ಮೊದಲು ಹೇಳಬೇಕಾದದ್ದು ಎಲ್ಲಿಂದ ಬಂದಿರಿ ಎಂಬುದನ್ನು. ಒಂಟೆಯ ಹಸಿ ಹಾಲು ಕುಡಿದಿದ್ದರೆ, ಒಂಟೆಗಳ ಬಳಿ ಹೋಗಿದ್ದರೆ ಅದನ್ನೂ ಹೇಳಿ. ಮುಂದೆ ಹೋಗುವವರು ಅವೆರಡನ್ನೂ ಬಿಡುವುದೇ ಕ್ಷೇಮ. ಅಲ್‌ಖುರ್ಮಾ ವೈರಸ್ ಉಣ್ಣೆ ಕಡಿತದಿಂದ ಮಾತ್ರವಲ್ಲ, ಸೋಂಕಿರುವ ಪ್ರಾಣಿಯ ರಕ್ತ ತಗಲಿದರೂ ಬರಬಹುದು. ಅಲ್ಲಿ ಮಾಂಸದ ಕೆಲಸದಲ್ಲಿರುವ ನಮ್ಮ ಹುಡುಗರು ಕೈಗವಸು ಹಾಕಿಕೊಳ್ಳಲಿ, ಗಾಯವಿದ್ದರೆ ಮುಚ್ಚಿಕೊಳ್ಳಲಿ, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಲಿ.

"ಉಮ್ರಾ ತಾನೇ, ನಾಲ್ಕು ದಿನದ ಪ್ರಯಾಣ" ಎಂದು ಚುಚ್ಚುಮದ್ದನ್ನು ತಪ್ಪಿಸಬೇಡಿ. 2024ರಲ್ಲಿ ಅಮೆರಿಕ, ಫ್ರಾನ್ಸ್, ಬ್ರಿಟನ್‌ಗಳಲ್ಲಿ ಉಮ್ರಾ ಪ್ರಯಾಣಕ್ಕೆ ಸಂಬಂಧಿಸಿದ 12 ಮೆನಿಂಜೈಟಿಸ್ ಸೋಂಕುಗಳು ವರದಿಯಾದವು. ಲಸಿಕೆಯ ವಿವರ ಗೊತ್ತಿದ್ದ 9 ಮಂದಿಯಲ್ಲಿ ಒಬ್ಬರೂ ಅದನ್ನು ಹಾಕಿಸಿಕೊಂಡಿರಲಿಲ್ಲ. ಈ ಸಂಖ್ಯೆ ನಮಗೆ ತಿಳಿದದ್ದೂ ಮೂರು ದೇಶಗಳು ಅದನ್ನು ಬಚ್ಚಿಡದೆ ಹೇಳಿದ್ದರಿಂದಲೇ.

ಮುಂದಿನ ಸಲ ಲಸಿಕೆ ಶಿಬಿರದಿಂದ ಬಂದ ಅಜ್ಜಿ "ಇದು ಯಾಕಪ್ಪಾ?" ಎಂದು ಕೇಳಿದರೆ ಕಾನೂನು ಎಂದಷ್ಟೇ ಹೇಳಬೇಡಿ. ಪಕ್ಕದಲ್ಲಿ ಕುಳಿತು ಈ ಕಥೆ ಹೇಳಿ. ಮನೆಯ ಮಕ್ಕಳೂ ಕೇಳಿಸಿಕೊಳ್ಳಲಿ.